ಜ್ವಾಲಾಮುಖಿಯ ಮಗ್ಗುಲಲ್ಲೇ ಪವರ್ ಹೌಸ್: ಧೈರ್ಯವಾ, ಹುಂಬತನವಾ?

ಹೊನ್ನಾವರದ ಹುಡುಗ

ಮೊನ್ನೆ ನಿದ್ದೆ ಬರದೆ ಐಸ್‌ಲ್ಯಾಂಡಿನ ವಿಡಿಯೋ ನೋಡುತ್ತಾ ಕೂತಿದ್ದೆ. ಒಂದು ಕಡೆಯಿಂದ ಲಾವಾ ಕೆಂಪಗೆ ಹರಿದು ಬರುತ್ತಿದೆ. ಅದಕ್ಕೆ ಅಡ್ಡವಾಗಿ ಮಣ್ಣು ಕಲ್ಲಿನ ದೊಡ್ಡ ಏರಿ. ಏರಿಯ ಈಚೆ ಒಂದು ಪವರ್ ಹೌಸ್, ಬಿಳಿ ಹಬೆ ಬಿಡುತ್ತಾ ತನ್ನ ಪಾಡಿಗೆ ತಾನು ಓಡುತ್ತಿದೆ! ಹೆಸರು ಸ್ವಾರ್ಟ್ಸೆಂಗಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ದೇಶದ ನೈಋತ್ಯ ಮೂಲೆಯಲ್ಲಿ ರೇಕ್ಯಾನೆಸ್ ಅಂತ ಸಮುದ್ರದೊಳಗೆ ಚಾಚಿದ ನೆಲ. ಅಲ್ಲಿ 2023ರ ಡಿಸೆಂಬರ್‌ನಿಂದ 2025ರ ಜುಲೈವರೆಗೆ ಒಂದೇ ಸಾಲಿನಲ್ಲಿ ಒಂಬತ್ತು ಸಲ ನೆಲ ಬಿರಿದು ಲಾವಾ ಉಕ್ಕಿದೆ. ಪಕ್ಕದ ಗ್ರಿಂಡಾವಿಕ್ ಊರಿನ ಸುಮಾರು 3,800 ಜನರನ್ನು 2023ರ ನವೆಂಬರ್ 10ರ ರಾತ್ರಿಯೇ ಖಾಲಿ ಮಾಡಿಸಿದರು. 2024ರ ಜನವರಿ 14ರಂದು ಊರಿನ ಅಂಚಿನಲ್ಲೇ ಬಿರುಕು ಬಿಟ್ಟು ಮೂರು ಮನೆ ಸುಟ್ಟುಹೋದವು. ಆ ಊರಿನಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿದೆ ಈ ಪವರ್ ಹೌಸ್. 75 ಮೆಗಾವ್ಯಾಟ್ ಆಸುಪಾಸು ಕರೆಂಟು, ಜೊತೆಗೆ ಸುಮಾರು 30,000 ಜನರ ಮನೆಗೆ ಬಿಸಿನೀರು, ಎರಡೂ ಅಲ್ಲಿಂದಲೇ.

ನನ್ನ ಪ್ರಶ್ನೆ ಇಷ್ಟೇ. ಇದು ಹುತ್ತದ ಮೇಲೆ ಹಾಸಿಗೆ ಹಾಸಿಕೊಂಡು ಹಾವು ಬಂತು ಅಂತ ಕೂಗಿದ ಹಾಗಲ್ವಾ? ಅಷ್ಟು ದುಡ್ಡಿರುವ ದೇಶ. ಮುಚ್ಚಿ ಇಪ್ಪತ್ತು ಕಿಲೋಮೀಟರ್ ಆಚೆ ಕಟ್ಟಲಿ.

ಕಲ್ಲುಮಣ್ಣು

ಹುತ್ತದ ಹೋಲಿಕೆ ಚೆನ್ನಾಗಿದೆ. ಆದರೆ ಇಲ್ಲಿ ಹಾಲು ಕೊಡುತ್ತಿರುವುದೇ ಹಾವು, ಏನು ಮಾಡೋಣ?

ಭೂವಿಜ್ಞಾನ ಓದುತ್ತಿದ್ದೇನೆ, ಅದಕ್ಕೇ ಬಾಯಿ ಹಾಕಿದೆ. ಐಸ್‌ಲ್ಯಾಂಡ್ ಇರುವುದೇ ಎರಡು ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್‌ನಂತೆ ದೂರ ಸರಿಯುವ ಗೆರೆಯ ಮೇಲೆ. ಆ ಗೆರೆಯ ಹತ್ತಿರ ಕೊರೆದರೆ ಕಾದ ನೀರು ಬೇಗ ಸಿಗುತ್ತದೆ. ಸ್ವಾರ್ಟ್ಸೆಂಗಿಯ ಬಾವಿಗಳಲ್ಲಿ ಕೆಳಗಿರುವ ನೀರು ಹತ್ತಿರ ಹತ್ತಿರ 240 ಡಿಗ್ರಿ. ಗೆರೆಯಿಂದ ದೂರ ಹೋದರೆ ಬಿಸಿನೀರು ಸಿಗಬಹುದು, ಟರ್ಬೈನ್ ತಿರುಗಿಸುವಷ್ಟು ಬಿಸಿ ಸಿಗುವುದು ಕಷ್ಟ.

ಇನ್ನೊಂದು ವಿಷಯ. ಅದು ಶುರುವಾದದ್ದು 1976ರಲ್ಲಿ. ಆಗ ಆ ನೆಲದಲ್ಲಿ ಸುಮಾರು 800 ವರ್ಷದಿಂದ ಒಂದು ಹನಿ ಲಾವಾ ಬಂದಿರಲಿಲ್ಲ. ನಿದ್ದೆ ಮುರಿದದ್ದು 2021ರ ಮಾರ್ಚ್ 19ರಂದು, ಅದೂ ಸ್ವಲ್ಪ ಪೂರ್ವಕ್ಕಿರುವ ಫಾಗ್ರಡಾಲ್ಸ್‌ಫ್ಯಾಲ್ ಹತ್ತಿರ. ನಮ್ಮ ಹೊಯ್ಸಳರ ಕಾಲದಿಂದ ಸುಮ್ಮನಿದ್ದ ನೆಲ ನಾಳೆ ಎದ್ದೀತು ಅಂತ 1976ರಲ್ಲಿ ಯಾರಾದರೂ ಪವರ್ ಹೌಸ್ ಬೇಡ ಅನ್ನುತ್ತಿದ್ದರಾ?

ಲೆಕ್ಕದ ಮೇಷ್ಟ್ರು

ಅನ್ನಬೇಕಿತ್ತು ಸ್ವಾಮಿ. ಯಾಕೆಂದರೆ ಅದಕ್ಕಿಂತ ಒಂದೇ ವರ್ಷ ಮುಂಚೆ ಅದೇ ದೇಶದಲ್ಲಿ ಪಾಠ ಆಗಿತ್ತು. ಈಶಾನ್ಯದಲ್ಲಿ ಕ್ರಾಫ್ಲಾ ಅಂತ ಇದೆ. ಅಲ್ಲಿ ಪವರ್ ಹೌಸ್ ಕೆಲಸ ನಡೆಯುತ್ತಿದ್ದಾಗಲೇ, 1975ರ ಡಿಸೆಂಬರ್ 20ರಂದು ಪಕ್ಕದಲ್ಲೇ ನೆಲ ಬಿರಿಯಿತು. ನಿಲ್ಲಿಸಿದರಾ? ಇಲ್ಲ. 1984ರವರೆಗೆ ಒಂಬತ್ತು ಸಲ ಉಕ್ಕಿತು. ಕೆಳಗಿನಿಂದ ಆಮ್ಲದ ಅನಿಲ ನುಗ್ಗಿ ಬಾವಿಯ ಕಬ್ಬಿಣದ ಕೊಳವೆಗಳನ್ನು ತಿಂದುಹಾಕಿತು. ಎರಡು ಟರ್ಬೈನ್ ಲೆಕ್ಕ ಹಾಕಿ ಶುರು ಮಾಡಿದ್ದು, ಓಡಿದ್ದು ಒಂದು. ಎರಡನೆಯದು ಓಡಿದ್ದು 1997ರಲ್ಲಿ.

1977ರ ಸೆಪ್ಟೆಂಬರಿನಲ್ಲಿ ಇನ್ನೊಂದು ತಮಾಷೆ ನಡೆಯಿತು. ಅಲ್ಲೇ ಹತ್ತಿರದ ಒಂದು ಕೊಳವೆಬಾವಿಯಿಂದ ಲಾವಾ ಚಿಮ್ಮಿತು. ನಮ್ಮ ಕಡೆ ಬೋರ್ ಹಾಕಿಸಿದರೆ ಧೂಳು ಬರುತ್ತದೆ, ಅವರಿಗೆ ಬೆಂಕಿ ಬಂತು. ಇಷ್ಟು ನೋಡಿದ ಮೇಲೂ "ಗೊತ್ತಿರಲಿಲ್ಲ" ಅಂದರೆ ಒಪ್ಪುವುದು ಹೇಗೆ?

ಮೂಲೆ ಸೀಟು

ಬೋರ್‌ವೆಲ್‌ನಲ್ಲಿ ಲಾವಾ 😂 ನಮ್ಮ ಕೋಲಾರದ ಮಾವನಿಗೆ ತೋರಿಸಬೇಕು. 1,400 ಅಡಿಗೂ ಏನೂ ಸಿಗದೆ ಕೂತಿದ್ದಾರೆ.

ಟರ್ಬೈನ್ ತಾತ

ಶರಾವತಿ ಕಣಿವೆಯ ಪವರ್ ಹೌಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ನೀರಿನ ಟರ್ಬೈನ್ ಗೊತ್ತು, ಹಬೆಯದು ಓದಿ ತಿಳಿದದ್ದು. ತಪ್ಪಿದ್ದರೆ ತಿದ್ದಿ.

ಮೇಷ್ಟ್ರೇ, ಕ್ರಾಫ್ಲಾದ ಕಥೆಯನ್ನು ನೀವು ಅರ್ಧಕ್ಕೆ ನಿಲ್ಲಿಸಿದಿರಿ. ಅದು ಈಗಲೂ 60 ಮೆಗಾವ್ಯಾಟ್ ಕೊಡುತ್ತಿದೆ. ಅಷ್ಟೇ ಅಲ್ಲ, 2009ರಲ್ಲಿ ಅಲ್ಲಿ ಆಳದ ಬಾವಿ ಕೊರೆಯುವಾಗ 2.1 ಕಿಲೋಮೀಟರಿಗೇ ಶಿಲಾರಸ ತಗುಲಿತು. ಗಾಬರಿ ಬಿದ್ದು ಮುಚ್ಚಲಿಲ್ಲ. ಹಬೆ ತೆಗೆದು ನೋಡಿದರು, ಬಾವಿಯ ಬಾಯಲ್ಲೇ 450 ಡಿಗ್ರಿ. ಆ ಜನಕ್ಕೆ ಬೆಂಕಿಯ ಜೊತೆ ಬದುಕುವ ರೂಢಿ ಇದೆ. ಹೈಮೇಯ್ ದ್ವೀಪದಲ್ಲಿ 1973ರ ಜನವರಿಯಲ್ಲಿ ಊರ ಪಕ್ಕವೇ ಜ್ವಾಲಾಮುಖಿ ಎದ್ದಾಗ ಸಮುದ್ರದ ನೀರನ್ನು ಪಂಪ್ ಮಾಡಿ ಲಾವಾ ತಣಿಸಿ ಬಂದರು ಉಳಿಸಿಕೊಂಡರು. ಆಮೇಲೆ ಅದೇ ಲಾವಾದ ಕಾವಿನಿಂದ ಹತ್ತು ವರ್ಷಕ್ಕೂ ಜಾಸ್ತಿ ಊರಿನ ಮನೆಗಳನ್ನು ಬೆಚ್ಚಗಿಟ್ಟರು.

ಈಗ ಹೊನ್ನಾವರದ ತಮ್ಮನಿಗೆ. ಕರೆಂಟು ಬೇರೆ, ಬಿಸಿನೀರು ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಿದರೆ ಈ ಚರ್ಚೆ ಮುಗಿಯುವುದಿಲ್ಲ. ಸ್ವಾರ್ಟ್ಸೆಂಗಿ ನಿಂತರೆ ದೇಶ ಕತ್ತಲಾಗುವುದಿಲ್ಲ. ಆ ದೇಶದ ಕರೆಂಟಿನಲ್ಲಿ ನೂರಕ್ಕೆ ಹತ್ತಿರ ಹತ್ತಿರ 70 ಭಾಗ ನೀರಿನದು, ಉಳಿದದ್ದು ಭೂಶಾಖದ್ದು. ಪೂರ್ವದ ಕಾರಾಹ್ನ್ಯುಕಾರ್ ಎಂಬ ನೀರಿನ ಪವರ್ ಹೌಸ್ ಒಂದೇ 690 ಮೆಗಾವ್ಯಾಟ್. ಅದರ ಮುಂದೆ 75 ಎಷ್ಟು? ಆದರೆ ಬಿಸಿನೀರನ್ನು ತಂತಿಯಲ್ಲಿ ಕಳಿಸಲಾಗುವುದಿಲ್ಲ. ಪೈಪು ಬೇಕು.

ಸ್ವಾರ್ಟ್ಸೆಂಗಿಯ ಕೆಳಗಿನ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಸಮುದ್ರದ್ದೇ. ಉಪ್ಪು, ಸಿಲಿಕಾ ಎಲ್ಲಾ ಸೇರಿದ ನೀರು. ನೇರ ಮನೆಗೆ ಬಿಟ್ಟರೆ ಪೈಪು ಕಟ್ಟಿಕೊಳ್ಳುತ್ತದೆ. ಅದಕ್ಕೆ ಆ ಕಾವಿನಿಂದ ಬೇರೆ ಸಿಹಿನೀರನ್ನು ಕಾಯಿಸಿ ಊರುಗಳಿಗೆ ಕಳಿಸುತ್ತಾರೆ. ನಮ್ಮ ಹಳ್ಳಿ ಮನೆಯ ಬಚ್ಚಲ ಹಂಡೆಯ ಹಾಗೇ ಅನ್ನಿ. ಬೆಂಕಿ ಒಂದು ಕಡೆ, ಸ್ನಾನದ ನೀರು ಇನ್ನೊಂದು ಕಡೆ. ಬಳಸಿ ಬಿಟ್ಟ ಉಪ್ಪುನೀರು ಹೊರಗೆ ನಿಂತು ಹುಟ್ಟಿದ್ದೇ ನೀವೆಲ್ಲಾ ಫೋಟೋದಲ್ಲಿ ನೋಡುವ ಬ್ಲೂ ಲಗೂನ್ ಎಂಬ ಬಿಸಿನೀರಿನ ಸ್ನಾನದ ಕೊಳ.

ಹೊನ್ನಾವರದ ಹುಡುಗ

ತಾತ, ಬ್ಲೂ ಲಗೂನ್ ಪವರ್ ಹೌಸಿನ ಬಚ್ಚಲ ನೀರು ಅಂತ ಗೊತ್ತಿರಲಿಲ್ಲ! ಜನ ಅದಕ್ಕೆ ಅಷ್ಟು ದುಡ್ಡು ಕೊಟ್ಟು ಹೋಗುತ್ತಾರಲ್ಲ.

ಆದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು. ಪೈಪೇ ಬೇಕು ಅಂದರೆ ಉದ್ದದ ಪೈಪು ಹಾಕಲಿ. ದೂರದಿಂದ ತರಲಿ.

ಕಲ್ಲುಮಣ್ಣು

ತರಬಹುದು, ಅದು ನಿಜ. ರಾಜಧಾನಿ ರೇಕ್ಯಾವಿಕ್‌ಗೆ ನೆಸ್ಯಾವೆಟ್ಲಿರ್ ಎಂಬ ಕಡೆಯಿಂದ 27 ಕಿಲೋಮೀಟರ್ ಪೈಪಿನಲ್ಲಿ ಬಿಸಿನೀರು ಬರುತ್ತದೆ. ದಾರಿಯಲ್ಲಿ ಕಳೆದುಕೊಳ್ಳುವುದು ಎರಡು ಡಿಗ್ರಿಯ ಆಸುಪಾಸು. ಆದರೆ ಆ ನೆಸ್ಯಾವೆಟ್ಲಿರ್ ಇರುವುದೂ ಹೆಂಗಿಲ್ ಎಂಬ ಜ್ವಾಲಾಮುಖಿಯ ಮೈಮೇಲೆ. ಅಂದರೆ ಒಂದು ಹುತ್ತ ಬಿಟ್ಟು ಇನ್ನೊಂದು ಹುತ್ತ.

ಉತ್ತರದ ಕನ್ನಡತಿ

ಎಲ್ಲರಿಗೂ ನಮಸ್ಕಾರ. ದಿನಾ ಓದಿ ಸುಮ್ಮನಿರುತ್ತಿದ್ದೆ. ಇವತ್ತು ಬರೆಯದಿದ್ದರೆ ಆಗದು. ನಾವಿರುವುದು ಕೆಫ್ಲಾವಿಕ್‌ನಲ್ಲಿ. ನೀವು ಹೇಳುತ್ತಿರುವ ಆ 30,000 ಜನರಲ್ಲಿ ನಾನು, ನಮ್ಮ ಯಜಮಾನರು, ನಮ್ಮ ಮಗ ಸೇರಿದ್ದೇವೆ.

2024ರ ಫೆಬ್ರವರಿ 8, ಗುರುವಾರ. ಬೆಳಿಗ್ಗೆ ಆರಕ್ಕೆ ಮಗ ಎಬ್ಬಿಸಿದ, "ಅಮ್ಮಾ ಆಕಾಶ ಕಿತ್ತಳೆ ಆಗಿದೆ" ಅಂತ. ಅಷ್ಟು ಹೊತ್ತಿಗೆ ನಮಗೆ ಅದು ಮೂರನೇ ಸಲ. ಸರಿ ಬಿಡು ಅಂತ ತಿಂಡಿ ಮಾಡಿಕೊಟ್ಟೆ. ಆ ದಿನ ಲಾವಾ ಗ್ರಿಂಡಾವಿಕ್ ಕಡೆ ಹೋಗಲಿಲ್ಲ. ಪಶ್ಚಿಮಕ್ಕೆ ಹರಿದು ರಸ್ತೆ ದಾಟಿ, ಸ್ವಾರ್ಟ್ಸೆಂಗಿಯಿಂದ ನಮ್ಮ ಕಡೆ ಬರುವ ಬಿಸಿನೀರಿನ ಪೈಪಿನ ಮೇಲೇ ಹರಿದುಬಿಟ್ಟಿತು. ಪೈಪು ಒಡೆಯಿತು. ಟ್ಯಾಂಕಿನಲ್ಲಿ ಉಳಿದ ನೀರು ಕೆಲವು ಗಂಟೆ ಬರುತ್ತದೆ, ಹಿಡಿತದಲ್ಲಿ ಬಳಸಿ ಅಂತ ಸಂದೇಶ ಬಂತು. ನಮ್ಮ ಸುತ್ತಿನ ಊರುಗಳಲ್ಲಿ 20,000ಕ್ಕೂ ಜಾಸ್ತಿ ಜನಕ್ಕೆ ಹಾಗೇ ಆಯಿತು.

ಊರಲ್ಲಿರುವವರಿಗೆ ಇದು ಅರ್ಥವಾಗಬೇಕಾದರೆ ಒಂದು ಮಾತು ಹೇಳಬೇಕು. ಇಲ್ಲಿ ಮನೆಯಲ್ಲಿ ಗೀಸರ್ ಇರುವುದಿಲ್ಲ. ಬಾಯ್ಲರ್ ಇಲ್ಲ, ಸೌದೆ ಒಲೆ ಇಲ್ಲ. ಕಿಟಕಿ ಕೆಳಗೆ ರೇಡಿಯೇಟರ್, ಅದರೊಳಗೆ ಆ ಪೈಪಿನ ಬಿಸಿನೀರು, ಅಷ್ಟೇ. ಅದು ನಿಂತರೆ ಬೆಚ್ಚಗಿರಲು ಮನೆಯಲ್ಲಿ ಬೇರೆ ಏನೂ ಇಲ್ಲ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ.

ಅಂಗಡಿಗೆ ಓಡಿದೆವು. ಹೀಟರ್ ಇಡುವ ಕಪಾಟು ಖಾಲಿ. ಸಾಲಿನಲ್ಲಿ ಮುಂದಿದ್ದ ಅಜ್ಜಿಯೊಬ್ಬರು ಎರಡು ತೆಗೆದುಕೊಂಡಿದ್ದರು. ಮಗನ ಮುಖ ನೋಡಿ ಒಂದನ್ನು ನಮಗೆ ಕೊಟ್ಟರು. ಸಂಜೆ ಇನ್ನೊಂದು ಸೂಚನೆ ಬಂತು: ಒಂದು ಮನೆಗೆ 2,500 ವ್ಯಾಟ್ ಮೀರಬೇಡಿ, ಮೀರಿದರೆ ಬೀದಿಯ ಕರೆಂಟೇ ಹೋಗುತ್ತದೆ. ನಮ್ಮ ಹೀಟರ್ 1,500. ಅಕ್ಕಿ ಬೇಯಿಸಲು ಕರೆಂಟಿನ ಒಲೆ ಹಚ್ಚಬೇಕಾದರೆ ಹೀಟರ್ ಆರಿಸಬೇಕು. ಕುಕ್ಕರ್ ಮೂರು ಸೀಟಿ ಕೂಗುವವರೆಗೆ ಮೂವರೂ ಅಡಿಗೆಮನೆಯಲ್ಲೇ ನಿಂತೆವು, ಆ ಒಲೆಯ ಕಾವಿಗೆ. ಅನ್ನ ಆದ ಮೇಲೆ ಹೀಟರ್ ಹಾಕಿದೆವು. ರಾತ್ರಿ ಮೂವರೂ ಒಂದೇ ಕೋಣೆ, ಬಾಗಿಲ ಸಂದಿಗೆ ಟವೆಲು. ಬೆಳಿಗ್ಗೆ ಬೇರೆ ಕೋಣೆಯಲ್ಲಿ ತೆಂಗಿನೆಣ್ಣೆ ಡಬ್ಬಿ ಕಲ್ಲಾಗಿತ್ತು. (ಅದು ಊರಲ್ಲೂ ಡಿಸೆಂಬರ್‌ನಲ್ಲಿ ಆಗುತ್ತದೆ ಬಿಡಿ. ಸೋಪು ಹಿಡಿದರೆ ಕೈ ಜುಮ್ಮೆನ್ನುವುದು ಮಾತ್ರ ಹೊಸದು.)

ಬಿಸಿನೀರು ಕೊಡುವವರೇನೂ ಸುಮ್ಮನೆ ಕೂತಿರಲಿಲ್ಲ. ಹೀಗಾಗಬಹುದು ಅಂತ ಮೊದಲೇ ಒಂದು ತುಂಡು ಪೈಪನ್ನು ನೆಲದಡಿ ಹೂತಿಟ್ಟಿದ್ದರು. ಅದಕ್ಕೆ ಜೋಡಿಸಿದರು. ಇನ್ನೇನು ನೀರು ಬಂತು ಅನ್ನುವಷ್ಟರಲ್ಲಿ ಹೊಸ ಲಾವಾದ ಅಡಿಯಲ್ಲೇ ಅದೂ ಒಡೆಯಿತು. ಆ ರಾತ್ರಿ ಸುದ್ದಿ ಓದಿ ನಾನು ಅತ್ತದ್ದು ನಿಜ. ಆಮೇಲೆ ನೆಲದ ಮೇಲೆ ಹೊಸ ಪೈಪು ಎಳೆದರು. ನಮ್ಮ ರೇಡಿಯೇಟರಿನಲ್ಲಿ ಗುಳುಗುಳು ಸದ್ದು ಬಂದದ್ದು ಐದನೇ ದಿನ. ಮಗ ಅದನ್ನು ತಬ್ಬಿಕೊಂಡು ಕೂತ.

ಹಾಗಾಗಿ ಧೈರ್ಯವಾ ಹುಂಬತನವಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆ ನಾಲ್ಕೈದು ದಿನ ಪವರ್ ಹೌಸ್ ಚೆನ್ನಾಗೇ ಓಡುತ್ತಿತ್ತು. ಹಬೆ ದೂರದಿಂದ ಕಾಣುತ್ತಿತ್ತು. ನಮಗೆ ಮಾತ್ರ ಬಿಸಿನೀರಿಲ್ಲ.

ಮೂಲೆ ಸೀಟು

ಅಕ್ಕಾ, ಆ ಅಜ್ಜಿಗೆ ನನ್ನ ಕಡೆಯಿಂದಲೂ ಒಂದು ನಮಸ್ಕಾರ.

ಲೆಕ್ಕದ ಮೇಷ್ಟ್ರು

ಕನ್ನಡತಿ ಮೇಡಂ, ಓದಿ ಸಂಕಟವಾಯಿತು. ಆದರೆ ನಿಮ್ಮ ಕಥೆಯಲ್ಲೇ ನನ್ನ ವಾದ ಇದೆ. ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕರೆಂಟು ತಯಾರಿಸುವ ದೇಶ ಐಸ್‌ಲ್ಯಾಂಡ್. ಅಂಥ ದೇಶದಲ್ಲಿ ಒಂದು ಮನೆಗೆ 2,500 ವ್ಯಾಟ್! ನಮ್ಮ ಬೆಂಗಳೂರಿನ ಎರಡು ಕೋಣೆ ಮನೆಯಲ್ಲಿ ಗೀಸರ್ ಒಂದೇ 2,000 ಎಳೆಯುತ್ತದೆ.

ಆ ಕರೆಂಟೆಲ್ಲಾ ಎಲ್ಲಿಗೆ ಹೋಗುತ್ತದೆ ಗೊತ್ತಾ? ದೊಡ್ಡ ಪಾಲು ಮೂರು ಅಲ್ಯೂಮಿನಿಯಂ ಕಾರ್ಖಾನೆಗೆ. ಕಾರಾಹ್ನ್ಯುಕಾರ್ ಕಟ್ಟಿದ್ದೇ ಅಂಥ ಒಂದಕ್ಕೆ. ಅದಿರಿನಿಂದ ತೆಗೆದ ಅಲ್ಯೂಮಿನಾ ಪುಡಿ ಹೊರಗಿನಿಂದ ಹಡಗಿನಲ್ಲಿ ಬರುತ್ತದೆ, ಲೋಹ ಹಡಗಿನಲ್ಲಿ ಹೊರಗೆ ಹೋಗುತ್ತದೆ. ನಡುವೆ ಇವರ ನೀರು, ಇವರ ಕಣಿವೆ. ಮಗು ಟವೆಲು ಹೊದ್ದು ಮಲಗಿದೆ, ಕಾರ್ಖಾನೆ ನಿಂತಿಲ್ಲ.

ಟರ್ಬೈನ್ ತಾತ

ಮೇಷ್ಟ್ರೇ, ಸಿಟ್ಟು ಸರಿ, ಗುರಿ ತಪ್ಪು. ಆ ರಾತ್ರಿ ಮೂರೂ ಕಾರ್ಖಾನೆ ನಿಲ್ಲಿಸಿದ್ದರೂ ಕೆಫ್ಲಾವಿಕ್‌ನ ಮನೆಗೆ ಒಂದು ವ್ಯಾಟ್ ಜಾಸ್ತಿ ಬರುತ್ತಿರಲಿಲ್ಲ. ಕೊರತೆ ಇದ್ದದ್ದು ಕರೆಂಟಿನದಲ್ಲ, ತಂತಿಯದು.

ಬಿಡಿಸಿ ಹೇಳುತ್ತೇನೆ. ಒಂದು ಬೀದಿಗೆ ಟ್ರಾನ್ಸ್‌ಫಾರ್ಮರ್ ಕೂರಿಸುವಾಗ ಆ ಬೀದಿಯ ಮನೆಗಳು ಒಟ್ಟಿಗೆ ಎಷ್ಟು ಎಳೆಯಬಹುದು ಅಂತ ಅಂದಾಜು ಹಾಕುತ್ತೇವೆ. ಎಲ್ಲರೂ ಒಂದೇ ನಿಮಿಷಕ್ಕೆ ಮಿಕ್ಸಿ ಹಾಕುವುದಿಲ್ಲ, ಇಸ್ತ್ರಿ ಹಾಕುವುದಿಲ್ಲ. ಅದಕ್ಕೆ ಅಂದಾಜು ಕಡಿಮೆ ಇಟ್ಟರೂ ನಡೆಯುತ್ತದೆ. ಕೆಫ್ಲಾವಿಕ್‌ನಲ್ಲಿ ಮನೆ ಕಾಯಿಸುವ ಲೆಕ್ಕವನ್ನೇ ಸೇರಿಸಿರಲಿಕ್ಕಿಲ್ಲ, ಯಾಕೆಂದರೆ ಅದು ಪೈಪಿನ ಕೆಲಸ. ಹೀಟರ್ ಬಂದಾಗ ಏನಾಗುತ್ತದೆ? ಎಲ್ಲಾ ಮನೆಯಲ್ಲೂ, ಒಂದೇ ಹೊತ್ತಿಗೆ, ರಾತ್ರಿಯಿಡೀ. ನೆಲದಡಿಯ ಕೇಬಲ್ ಕಾದು ಸುಟ್ಟರೆ ಆಮೇಲೆ ಬೆಳಕೂ ಇಲ್ಲ, ಅನ್ನವೂ ಇಲ್ಲ. 2,500 ಅಂದವನು ಜಿಪುಣನಲ್ಲ, ಎದೆ ಗಟ್ಟಿ ಇದ್ದ ಎಂಜಿನಿಯರ್. ನಾನಾದರೂ ಅದನ್ನೇ ಹೇಳುತ್ತಿದ್ದೆ.

ಅಲ್ಯೂಮಿನಿಯಂ ಬಗ್ಗೆ ಇನ್ನೊಂದು. ಜಲಾಶಯದಲ್ಲಿ ನೀರು ಕಡಿಮೆ ಬಿದ್ದ ಚಳಿಗಾಲಗಳಲ್ಲಿ ಮೊದಲು ಕಡಿತ ಮಾಡುವುದು ಈ ದೊಡ್ಡ ಗ್ರಾಹಕರಿಗೇ. 2021ರ ಡಿಸೆಂಬರಿನಲ್ಲಿ ಹಾಗೆ ಮಾಡಿದ್ದರು.

ಲೆಕ್ಕದ ಮೇಷ್ಟ್ರು

ತಂತಿಯ ಮಾತು ಒಪ್ಪಿದೆ. ಅಲ್ಯೂಮಿನಿಯಂದು ಒಪ್ಪಿಲ್ಲ. ಆ ದುಡ್ಡಿನಲ್ಲಿ ದಪ್ಪ ತಂತಿ ಹಾಕಬಹುದಿತ್ತು ಅನ್ನುವುದು ನನ್ನ ಮಾತು.

ಹೊನ್ನಾವರದ ಹುಡುಗ

ಅಕ್ಕ ಬರೆದದ್ದು ಓದಿದ ಮೇಲೆ ನನ್ನ ಮೊದಲ ಪೋಸ್ಟ್ ಸ್ವಲ್ಪ ಬಾಲಿಶ ಅನ್ನಿಸುತ್ತಿದೆ. ಅಳಿಸುವುದಿಲ್ಲ, ಇರಲಿ.

ಈಗ ಹೀಗೆ ಕೇಳುತ್ತೇನೆ. ಭೂಶಾಖ ಬಿಟ್ಟು ಪೂರ್ತಿ ನೀರಿನ ಕರೆಂಟಿಗೇ ಹೋದರೆ? ಅಣೆಕಟ್ಟಿಗೆ ಲಾವಾ ಹೆದರಿಕೆ ಕಡಿಮೆ ಅಲ್ವಾ? ತಂತಿ ದಪ್ಪ ಮಾಡಿ, ಮನೆಮನೆಗೆ ಹೀಟರ್ ಕೊಟ್ಟುಬಿಡಲಿ.

ಕಲ್ಲುಮಣ್ಣು

ಅಲ್ಲಿನ ದೊಡ್ಡ ನದಿಗಳು ಹಿಮನದಿಯ ಬಾಲಗಳು. ಕೆಲವು ಹಿಮನದಿಗಳ ಅಡಿಯಲ್ಲೂ ಜ್ವಾಲಾಮುಖಿ ಇದೆ. 1996ರ ಸೆಪ್ಟೆಂಬರ್ ಕೊನೆಗೆ ವಾಟ್ನಯೋಕುಲ್ ಹಿಮದಡಿ ಒಂದು ಉಕ್ಕಿತು. ಕರಗಿದ ನೀರು ಹಿಮದ ಕೆಳಗಿನ ಗ್ರಿಮ್ಸ್‌ವೋಟ್ನ್ ಎಂಬ ಕೆರೆಯಲ್ಲಿ ವಾರಗಟ್ಟಲೆ ತುಂಬುತ್ತಾ ಹೋಯಿತು. ಎಲ್ಲರಿಗೂ ಗೊತ್ತು, ಯಾವಾಗ ಒಡೆಯುತ್ತದೆ ಅಂತ ಮಾತ್ರ ಗೊತ್ತಿಲ್ಲ. ನವೆಂಬರ್ 5ರ ಬೆಳಿಗ್ಗೆ ಒಡೆಯಿತು. ಒಂದು ಹೊತ್ತಿನಲ್ಲಿ ಸೆಕೆಂಡಿಗೆ 40,000 ಘನ ಮೀಟರಿಗೂ ಜಾಸ್ತಿ ನೀರು, ಮನೆಯಷ್ಟು ದೊಡ್ಡ ಮಂಜುಗಡ್ಡೆಗಳ ಜೊತೆ. ಹೆದ್ದಾರಿಯ ಸೇತುವೆ ಕೊಚ್ಚಿಹೋಯಿತು. ರಸ್ತೆ ಮೊದಲೇ ಮುಚ್ಚಿದ್ದರಿಂದ ಯಾರೂ ಸಾಯಲಿಲ್ಲ.

ಆ ಬಯಲಿನಲ್ಲಿ ಅಣೆಕಟ್ಟು ಇರಲಿಲ್ಲ, ನಿಜ. ಆದರೆ ನೀರು ಅಂದರೆ ಸುರಕ್ಷಿತ ಅನ್ನುವ ಲೆಕ್ಕ ಸರಿಯಿಲ್ಲ. ದೂರ ಯಾಕೆ, ನಮ್ಮ ಸಿಕ್ಕಿಂನಲ್ಲೇ 2023ರ ಅಕ್ಟೋಬರಿನಲ್ಲಿ ಹಿಮಸರೋವರ ಒಡೆದು 1,200 ಮೆಗಾವ್ಯಾಟಿನ ತೀಸ್ತಾ-3ರ ಅಣೆಕಟ್ಟೇ ಹೋಯಿತಲ್ಲ.

ಟರ್ಬೈನ್ ತಾತ

ತಮ್ಮಾ, ಲಾವಾ, ಹಿಮ, ಪ್ರವಾಹ ಎಲ್ಲಾ ಬಿಡು. ಲೈನಿನವರನ್ನು ಕೇಳು, ಅವರು ಹೆದರುವುದು ಬೇರೆಯದಕ್ಕೆ.

2019ರ ಡಿಸೆಂಬರ್ 10 ಮತ್ತು 11. ಐಸ್‌ಲ್ಯಾಂಡಿನ ಉತ್ತರಕ್ಕೆ ಭಾರಿ ಬಿರುಗಾಳಿ ಬಂತು. ಗಾಳಿಯಲ್ಲಿ ಸಮುದ್ರದ ಉಪ್ಪು, ಅದರ ಜೊತೆ ಒದ್ದೆ ಹಿಮ. ಉಪ್ಪು ಇನ್ಸುಲೇಟರ್ ಮೇಲೆ ಕೂತಿತು. ಇನ್ಸುಲೇಟರ್ ಅಂದರೆ ತಂತಿಯನ್ನು ಕಂಬದಿಂದ ದೂರ ಹಿಡಿಯುವ ಆ ಪಿಂಗಾಣಿ ಬಿಲ್ಲೆಗಳು. ಅದರ ಮೇಲೆ ಉಪ್ಪಿನ ತೇವ ಕೂತರೆ ಕರೆಂಟು ಅದರ ಮೈಮೇಲೇ ಹರಿದು ಕಂಬಕ್ಕೆ ಇಳಿಯುತ್ತದೆ, ಲೈನ್ ಟ್ರಿಪ್. ನಮ್ಮ ಕರಾವಳಿಯಲ್ಲೂ ಉಪ್ಪು ಕೂರುತ್ತದೆ, ಮಳೆಗಾಲ ಬಂದು ತೊಳೆದುಬಿಡುತ್ತದೆ. ಅಲ್ಲಿ ತೊಳೆಯುವ ಬದಲು ಮೇಲೆ ಮಂಜು ಕಟ್ಟಿತು. ತಂತಿಯ ಸುತ್ತ ತೋಳಿನಷ್ಟು ದಪ್ಪ. ಕಂಬಗಳು ಮುರಿದವು.

ಡಾಲ್ವಿಕ್ ಅಂತ ಒಂದು ಮೀನುಗಾರರ ಊರು. ಅಲ್ಲಿ ಕರೆಂಟು ಹೋಗಿ ದಿನಗಟ್ಟಲೆ ಬರಲಿಲ್ಲ. ಕೊನೆಗೆ ಕರಾವಳಿ ಕಾವಲಿನ ಥೋರ್ ಎಂಬ ಹಡಗು ಬಂದರಿಗೆ ಬಂದು ನಿಂತು, ತನ್ನ ಜನರೇಟರಿನಿಂದ ಊರಿಗೆ ಕರೆಂಟು ಕೊಟ್ಟಿತು. ಹಡಗಿನಿಂದ ಕೇಬಲ್ ಎಳೆದು ಊರಿಗೆ! ನಾನು ಮೂವತ್ತು ವರ್ಷದಲ್ಲಿ ಎಂತೆಂಥ ಜುಗಾಡ್ ನೋಡಿದ್ದೇನೆ, ಇದು ಮಾತ್ರ ನೋಡಿಲ್ಲ.

ಎಲ್ಲಾ ಮನೆಯನ್ನೂ ಹೀಟರಿಗೆ ಕಟ್ಟಿಹಾಕಿದ ಮೇಲೆ ಅಂಥ ಗಾಳಿ ಬಂದರೆ? ಈಗ ತಂತಿ ಹೋದರೆ ದೀಪ ಹೋಗುತ್ತದೆ, ಪೈಪು ಹೋದರೆ ಬಿಸಿ ಹೋಗುತ್ತದೆ. ಆಗ ಎರಡೂ ಒಂದೇ ಸಲ ಹೋಗುತ್ತವೆ. ಪವರ್ ಹೌಸ್ ಎಲ್ಲಿದೆ ಅನ್ನುವುದಕ್ಕಿಂತ ಅಲ್ಲಿಂದ ಮನೆಗೆ ಎಷ್ಟು ದಾರಿ ಇದೆ ಅಂತ ಕೇಳಬೇಕು. ಕನ್ನಡತಿ ಅವರ ಊರಿಗೆ ಇದ್ದದ್ದು ಒಂದೇ ಪೈಪು. ತಪ್ಪು ಅಲ್ಲಿದೆ.

ಲೆಕ್ಕದ ಮೇಷ್ಟ್ರು

ತಾತ, ಎರಡನೇ ಪೈಪು ಹಾಕಿದ್ದರೂ ಅದು ಹೊರಡುತ್ತಿದ್ದದ್ದು ಅದೇ ಸ್ವಾರ್ಟ್ಸೆಂಗಿಯಿಂದ. ಮೇಡಂ ಬರೆದಿದ್ದಾರಲ್ಲ, ಹೂತಿಟ್ಟ ಪೈಪೂ ಒಡೆಯಿತು ಅಂತ. ಎರಡು ದಾರಿ ಸಾಲದು, ಎರಡು ಬಾವಿ ಬೇಕು. ಬೇರೆ ಬೇರೆ ದಿಕ್ಕಿನಲ್ಲಿ. ಹಾಗಾಗಿ ಜಾಗದ ಪ್ರಶ್ನೆ ಮುಗಿದಿಲ್ಲ, ನೀವೇ ಬಾಗಿಲು ಹಾಕಿದಿರಿ ಅಷ್ಟೇ.

ಕಲ್ಲುಮಣ್ಣು

ಮೇಷ್ಟ್ರು ಹೇಳಿದ್ದರಲ್ಲಿ ಸತ್ವ ಇದೆ. ಸ್ವಾರ್ಟ್ಸೆಂಗಿಯ ಕಷ್ಟ ಬರೀ ಮೇಲೆ ಹರಿಯುವ ಲಾವಾ ಅಲ್ಲ. ಅದರ ಅಡಿಯಲ್ಲೇ, ನಾಲ್ಕೈದು ಕಿಲೋಮೀಟರ್ ಕೆಳಗೆ ಶಿಲಾರಸ ಸೇರುತ್ತದೆ. ಸೇರಿದಂತೆ ನೆಲ ಪೂರಿಯ ಹಾಗೆ ನಿಧಾನ ಉಬ್ಬುತ್ತದೆ. ಒಂದು ಮಟ್ಟ ಮುಟ್ಟಿದ ಮೇಲೆ ರಸ ಪಕ್ಕಕ್ಕೆ ನುಗ್ಗಿ ಬಿರುಕಿನಲ್ಲಿ ಹೊರಗೆ ಬರುತ್ತದೆ, ನೆಲ ಕುಸಿಯುತ್ತದೆ. ಮತ್ತೆ ಉಬ್ಬುತ್ತದೆ. ಒಂಬತ್ತು ಸಲ ಇದೇ ಆಟ. ತಮಾಷೆ ಅಂದರೆ ಪವರ್ ಹೌಸಿನ ಬಾವಿಗಳ ಒತ್ತಡ ಏರಿಳಿಯುವುದನ್ನು ನೋಡಿಯೂ ಈಗ ಮುನ್ಸೂಚನೆ ಕೊಡುತ್ತಾರೆ. ಅಪಾಯದ ಮೇಲೆ ಕೂತ ಪವರ್ ಹೌಸೇ ಅಪಾಯದ ಗಂಟೆ.

ಸುತ್ತ ಕಟ್ಟಿದ ಏರಿಗಳನ್ನು 2023ರ ನವೆಂಬರಿನಲ್ಲಿ ಶುರು ಮಾಡಿದರು. ಲಾವಾ ಬಂದು ಏರಿಗೆ ಒರಗಿ ಹೆಪ್ಪುಗಟ್ಟುತ್ತದೆ. ಮುಂದಿನ ಸಲದ್ದು ಅದರ ಮೇಲೆ ಹತ್ತಿ ಬರುತ್ತದೆ. ಅದಕ್ಕೆ ಏರಿಯನ್ನೂ ಎತ್ತರಿಸುತ್ತಾ ಹೋಗಬೇಕು. 2024ರ ಜೂನಿನಲ್ಲಿ ಒಂದು ಕಡೆ ತುಳುಕಿದಾಗ ನೀರು ಹೊಡೆದು ತಣಿಸಿದರು. ಜನರನ್ನು ಕಳಿಸಿದ ಮೇಲೆ ಯಂತ್ರಗಳನ್ನು ರೇಕ್ಯಾನೆಸ್ ತುದಿಯ ಇನ್ನೊಂದು ಪವರ್ ಹೌಸಿನಿಂದ, ದೂರದಿಂದಲೇ ನಡೆಸುತ್ತಾರೆ. ಎಷ್ಟು ದಿನ ಹೀಗೆ? ಹಿಂದಿನ ಸಲ ಆ ಭಾಗ ಎದ್ದಾಗ ಬಿಟ್ಟು ಬಿಟ್ಟು ಶತಮಾನಗಟ್ಟಲೆ ಉಕ್ಕಿದೆ.

ಮೂಲೆ ಸೀಟು

ನಡುವೆ ಒಂದು ಪ್ರಶ್ನೆ. ನಮ್ಮ ಲಡಾಖಿನ ಪೂಗಾ ಕಣಿವೆಯಲ್ಲೂ ಇಂಥದ್ದೇ ಮಾಡುತ್ತೇವೆ ಅಂದಿದ್ದರಲ್ಲ?

ಕಲ್ಲುಮಣ್ಣು

ಹೌದು, ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಮೊದಲ ಹಂತಕ್ಕೆ 1 ಮೆಗಾವ್ಯಾಟ್. 14,000 ಅಡಿ ಎತ್ತರದ ಚಳಿಯಲ್ಲಿ ಕೊರೆಯುವುದು ಸುಲಭವಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಉತ್ತರದ ಕನ್ನಡತಿ

ಮೇಷ್ಟ್ರಿಗೂ ತಾತನಿಗೂ ಒಂದು ಸುದ್ದಿ ಹೇಳಿ ಮಲಗುತ್ತೇನೆ. 2024ರ ನವೆಂಬರ್ 20ರ ರಾತ್ರಿ ಮತ್ತೆ ಉಕ್ಕಿತಲ್ಲ, ಬ್ಲೂ ಲಗೂನಿನ ಕಾರ್ ಪಾರ್ಕಿಂಗ್ ಮೇಲೆ ಲಾವಾ ಬಂದದ್ದು. ಆ ಸಲವೂ ನಮ್ಮ ಪೈಪಿನ ಮೇಲೆ ಲಾವಾ ಹರಿಯಿತು. ನಾವು ಬಕೆಟ್, ಪಾತ್ರೆ, ಕೊನೆಗೆ ಇಡ್ಲಿ ಕುಕ್ಕರಿನಲ್ಲೂ ಬಿಸಿನೀರು ಹಿಡಿದಿಟ್ಟೆವು. ಆದರೆ ಅಷ್ಟರಲ್ಲಿ ಪೈಪನ್ನು ಸರಿಯಾಗಿ ಹೂತು ಮೇಲೆ ಮಣ್ಣು ಕಲ್ಲು ಏರಿಸಿದ್ದರು. ತಡೆಯಿತು. ನಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಆ ಹಿಡಿದಿಟ್ಟ ನೀರಿನಲ್ಲಿ ಮನೆಯ ಪರದೆಗಳನ್ನೆಲ್ಲಾ ಒಗೆದೆ.

ಹೊನ್ನಾವರದ ಹುಡುಗ

ಹಾಗಾದರೆ ತಾತ ಗೆದ್ದರು.

ಲೆಕ್ಕದ ಮೇಷ್ಟ್ರು

ಒಂದು ಸಲ ತಡೆದದ್ದು ಗೆಲುವಾದರೆ ನಮ್ಮ ಶಾಲೆಯ ಮಾಡೂ ಪ್ರತಿ ಬೇಸಿಗೆ ಗೆಲ್ಲುತ್ತದೆ.

ಟರ್ಬೈನ್ ತಾತ

ಗೆಲುವು ಸೋಲು ಬಿಡಿ, ಮೇಷ್ಟ್ರು ಹೇಳಿದ ಎರಡನೇ ಬಾವಿ ನನಗೂ ಬೇಕು.

ಕನ್ನಡತಿ ಅಮ್ಮಾ, ಒಂದು ಮಾತು ಕೇಳುತ್ತೇನೆ. ಬಿಸಿನೀರು ಮನೆಗೆ ಬರುವ ಕಡೆ ಮೇನ್ ವಾಲ್ವ್ ಒಂದು ಇರಬೇಕು. ಚಳಿಯಲ್ಲಿ ನೀರು ನಿಂತು ರೇಡಿಯೇಟರ್ ಹೆಪ್ಪುಗಟ್ಟಿ ಒಡೆದರೆ ಮೊದಲು ಮುಚ್ಚಬೇಕಾದ್ದು ಅದನ್ನೇ. ಇಲ್ಲದಿದ್ದರೆ ಬಿಸಿನೀರು ಮತ್ತೆ ಬಂದ ದಿನ ಮನೆ ತುಂಬಾ ನೀರು. ಎಲ್ಲಿದೆ ಗೊತ್ತಾ?

ಉತ್ತರದ ಕನ್ನಡತಿ

ಗೊತ್ತಿಲ್ಲ ತಾತ. ಐದು ವರ್ಷದಿಂದ ಇದೇ ಮನೆ, ಯಾವತ್ತೂ ನೋಡಿಲ್ಲ. ಇರಿ, ಈಗಲೇ ನೋಡಿ ಬರುತ್ತೇನೆ.

ಉತ್ತರದ ಕನ್ನಡತಿ

ನೋಡಿ ಬಂದೆ. ಬಟ್ಟೆ ಒಗೆಯುವ ಕೋಣೆಯ ಕಪಾಟಿನಲ್ಲಿದೆ, ಕೆಂಪು ಹಿಡಿ. ಅದರ ಮುಂದೆ ಆ ಅಜ್ಜಿ ಕೊಟ್ಟ ಹೀಟರಿನ ಡಬ್ಬ ಅಡ್ಡ ಇತ್ತು. ಪಕ್ಕಕ್ಕೆ ಸರಿಸಿದ್ದೇನೆ.